ಪೈಪಿಗೆ ವಯಸ್ಸಾಗಿಲ್ಲ

ಆ ಪೇಟೆಯಲ್ಲಿ ಕೊಳಾಯಿ ಕೆಲಸದವರು ಹತ್ತಾರು ಮಂದಿ ಇದ್ದರು, ಆದರೆ ಗೋಡೆ ಡಾಕ್ಟರ್ ಎಂದರೆ ಒಬ್ಬನೇ. ಯಾರು ಇಟ್ಟ ಹೆಸರೋ, ಅಂಟಿಕೊಂಡು ಮೂವತ್ತು ವರ್ಷವಾಗಿತ್ತು. ಅದಕ್ಕೆ ಕಾರಣ ಅವನ ಚೀಲದಲ್ಲಿದ್ದ ಒಂದು ತೆಳ್ಳನೆಯ ಕಬ್ಬಿಣದ ಸಲಾಕೆ. ಅದರ ಒಂದು ತುದಿಯನ್ನು ಗೋಡೆಗೋ ನೆಲಕ್ಕೋ ಊರಿ, ಇನ್ನೊಂದು ತುದಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದನೆಂದರೆ ಮನೆಯವರೆಲ್ಲ ಉಸಿರು ಬಿಗಿಹಿಡಿದು ನಿಲ್ಲಬೇಕು. ಫ್ಯಾನು ಆರಿಸಬೇಕು, ರಗಳೆ ಮಾಡುವ ಮಗುವಿನ ಬಾಯಿಗೆ ಬಿಸ್ಕತ್ತು ಇಡಬೇಕು. ಸ್ವಲ್ಪ ಹೊತ್ತಿನ ಮೇಲೆ ಅವನು ಸೀಮೆಸುಣ್ಣದಲ್ಲಿ ಒಂದು ಸೊನ್ನೆ ಸುತ್ತುತ್ತಿದ್ದ. ಅಲ್ಲಿ ಅಗೆದರೆ ಸೋರುವ ಜಾಗ ಸಿಗುತ್ತಿತ್ತು. ತಪ್ಪಿದರೆ ಒಂದು ಗೇಣು ಆಚೆ ಈಚೆ, ಅಷ್ಟೆ.

ಸಲಾಕೆಯಷ್ಟೇ ಉದ್ದ ಅವನ ಉಪದೇಶ. ಮನೆ ಕೊಳ್ಳುವ ಮೊದಲು ಪೈಪು ತೋರಿಸಿ. ಬಚ್ಚಲಿಗೆ ಹೊಸ ಟೈಲ್ಸ್ ಹಾಕಿಸುವ ಮೊದಲು ತೋರಿಸಿ, ಹಾಕಿಸಿದ ಮೇಲೆ ಅಳಬೇಡಿ. ಹತ್ತು ವರ್ಷ ದಾಟಿದ ಪೈಪನ್ನು ಎರಡು ವರ್ಷಕ್ಕೊಮ್ಮೆ ತೋರಿಸಿ. ಮನೆಯಲ್ಲಿ ಜನ ಹೆಚ್ಚದೆ ನೀರಿನ ಖರ್ಚು ಹೆಚ್ಚಿದರೆ ಅವತ್ತೇ ತೋರಿಸಿ. ಗೋಡೆ ಒದ್ದೆಯಾದ ಮೇಲೆ ನನ್ನನ್ನು ಕರೆಯುವುದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ ಎನ್ನುತ್ತಿದ್ದ. ಬೇರೆ ಕೆಲಸದವರು ನಲ್ಲಿಗಳನ್ನೆಲ್ಲ ಮುಚ್ಚಿ, ಮಾಳಿಗೆಯ ಟ್ಯಾಂಕಿನ ನೀರಿಗೆ ಕೋಲು ಇಳಿಬಿಟ್ಟು ಗುರುತು ಮಾಡಿ, ಎರಡು ಗಂಟೆ ಕಾದು ಮತ್ತೆ ಅಳೆಯುತ್ತಿದ್ದರು. ನೀರು ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಎಂದು ಅರ್ಥ. ಅದಕ್ಕೆ ಗೋಡೆ ಡಾಕ್ಟರ್ ಇಟ್ಟ ಹೆಸರು ‘ಕಿವುಡರ ತಪಾಸಣೆ’. ಹೇಳಿ ತಾನೇ ನಗುತ್ತಿದ್ದ.

ಊರಿಗೆಲ್ಲ ಬುದ್ಧಿ ಹೇಳುವವನ ಸ್ವಂತ ಕಥೆ ಬೇರೆಯೇ ಇತ್ತು. ವರ್ಷಗಟ್ಟಲೆ ಗೋಡೆ ಕೊರೆಯುವ ಯಂತ್ರದ ಪಕ್ಕದಲ್ಲಿ ನಿಂತದ್ದರ ಫಲವೋ, ವಯಸ್ಸೋ, ಐವತ್ತೆಂಟರ ಹೊತ್ತಿಗೆ ಎಡಗಿವಿ ಮಂದವಾಯಿತು. ಆಮೇಲೆ ಬಲಗಿವಿಯೂ ಅದರ ದಾರಿ ಹಿಡಿಯಿತು. ಎದುರು ನಿಂತು ಮಾತಾಡಿದರೆ ತಿಳಿಯುತ್ತಿತ್ತು. ಬೆನ್ನ ಹಿಂದೆ ಕರೆದರೆ ಇಲ್ಲ. ಊರವರ ಪೈಪಿಗೆಲ್ಲ ತಪಾಸಣೆ ಮಾಡ್ತೀರಿ, ನಿಮ್ಮ ಕಿವಿಗೆ ಯಾವಾಗ ಎಂದು ಹೆಂಡತಿ ಕೇಳಿದಾಗ, ನೀನು ಈಚೆಗೆ ಗೊಣಗುವುದು ಕಡಿಮೆ ಮಾಡಿದ್ದೀಯ, ಅದಕ್ಕೇ ಕೇಳಿಸುತ್ತಿಲ್ಲ ಎಂದು ತೇಲಿಸಿಬಿಟ್ಟ. ಸಲಾಕೆಯನ್ನು ಮಾತ್ರ ಬಿಡಲಿಲ್ಲ. ಗೋಡೆಯ ಬಣ್ಣ, ನೆಲದ ತಂಪು, ಮನೆಯವರ ಮಾತು, ಇವುಗಳ ಮೇಲೆ ಅಂದಾಜು ಕಟ್ಟಿ ಸೊನ್ನೆ ಸುತ್ತುತ್ತಿದ್ದ. ಮೂವತ್ತು ವರ್ಷದ ಅನುಭವ ಬಹಳ ಸಲ ಕೈಹಿಡಿಯಿತು. ಹಾಗೆ ಕೈಹಿಡಿದದ್ದೇ ಕೆಟ್ಟದ್ದಾಯಿತು, ಏಕೆಂದರೆ ಧೈರ್ಯ ಹೆಚ್ಚಿತು.

ಅವನಿಗೆ ಒಬ್ಬಳು ಅಕ್ಕ. ಏಳು ವರ್ಷ ದೊಡ್ಡವಳು. ತಾಯಿ ಬೇಗ ತೀರಿಕೊಂಡದ್ದರಿಂದ ಅವನನ್ನು ಎತ್ತಿ ಆಡಿಸಿ, ಬೈದು, ಶಾಲೆಗೆ ಎಳೆದುಕೊಂಡು ಹೋಗಿ ಬೆಳೆಸಿದವಳು ಅವಳೇ. ಅರವತ್ತು ಮುಟ್ಟಿದ ತಮ್ಮನನ್ನು ಈಗಲೂ ಪುಟ್ಟ ಎಂದೇ ಕರೆಯುತ್ತಿದ್ದಳು. ಅವಳು ಒಂದು ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಮೂವತ್ತೆರಡು ವರ್ಷ ಕೆಲಸ ಮಾಡಿದಳು. ಸಾವಿರಾರು ರೋಗಿಗಳ ಕಡತ. ಹೆಸರು ಹೇಳಿದರೆ ಸಾಕು, ಸೂಚಿ ಪುಸ್ತಕ ತೆರೆಯದೆ, ಮೂರನೇ ಕಪಾಟು, ಕೆಳಗಿನಿಂದ ಎರಡನೇ ಸಾಲು ಎನ್ನುತ್ತಿದ್ದಳು. ಅವಳ ನೆನಪಿನ ಬಗ್ಗೆ ವೈದ್ಯರು ಪಂದ್ಯ ಕಟ್ಟಿ ಸೋತದ್ದುಂಟು. ಅವಳಿಗೆ ಒಡವೆಯ ಹುಚ್ಚಿರಲಿಲ್ಲ, ಸೀರೆಯ ಹುಚ್ಚಿರಲಿಲ್ಲ; ಇದ್ದ ಒಂದು ಹೆಮ್ಮೆ ಎಂದರೆ ನೆನಪು.

ನಿವೃತ್ತಿಯಾದ ಮೇಲೆ ಮಗ ಸೊಸೆಯ ಜೊತೆ ಇದ್ದಳು. ಮಗನಿಗೆ ಪಾರ್ಸೆಲ್ ಕಚೇರಿಯಲ್ಲಿ ಕೆಲಸ, ಸೊಸೆಗೆ ಬಟ್ಟೆ ಅಂಗಡಿಯಲ್ಲಿ. ಇಬ್ಬರೂ ಬೆಳಿಗ್ಗೆ ಬೇಗ ಹೊರಡುವವರು. ಆರು ವರ್ಷದ ಮೊಮ್ಮಗಳನ್ನು ಶಾಲೆಗೆ ಬಿಡುವುದು, ಕರೆದುಕೊಂಡು ಬರುವುದು ಅಜ್ಜಿಯ ಪಾಲು. ಎರಡು ಸಣ್ಣ ಬೀದಿ, ನಡುವೆ ಒಂದು ದೊಡ್ಡ ರಸ್ತೆ. ಆ ರಸ್ತೆ ದಾಟುವಾಗ ಅಜ್ಜಿ ಮೊಮ್ಮಗಳು ಒಂದು ಕಥೆ ನಿಲ್ಲಿಸಿ, ದಾಟಿದ ಮೇಲೆ ನಿಲ್ಲಿಸಿದ ಅದೇ ಪದದಿಂದ ಮುಂದುವರಿಸುತ್ತಿದ್ದರಂತೆ.

ಒಂದು ದಿನ ಅಕ್ಕ ಬಚ್ಚಲಲ್ಲಿ ಬಕೆಟ್ಟಿಗೆ ನೀರು ಬಿಟ್ಟಾಗ ಫೋನು ಬಂತು. ಮಾತಾಡುತ್ತ ನಿಂತಳು, ಬಕೆಟ್ಟು ತುಂಬಿ ಹತ್ತು ನಿಮಿಷ ಹರಿಯಿತು. ಅದು ನಿಜ. ಎಲ್ಲರೂ ನಕ್ಕು ಮರೆತರು. ಆದರೆ ಆ ದಿನಗಳಲ್ಲೇ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಸಂಜೆ ತುಂಬಿಸಿದ ಮಾಳಿಗೆಯ ಟ್ಯಾಂಕು ಬೆಳಗಾಗುವಷ್ಟರಲ್ಲಿ ಅರ್ಧ ಇರುತ್ತಿತ್ತು. ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಮಲಗುವವಳು, ಎಲ್ಲರಿಗಿಂತ ಮೊದಲು ಏಳುವವಳು ಅಕ್ಕ. ಮಗನ ಕಣ್ಣು ತಾಯಿಯ ಕಡೆ ಹೋಯಿತು. ಸೊಸೆ ಒಳ್ಳೆಯವಳು, ಯಾರನ್ನೋ ಅನುಮಾನಿಸುವ ಮೊದಲು ಪೈಪು ತೋರಿಸೋಣ, ಮಾವ ಇಲ್ಲವೇ ಎಂದಳು. ಹಾಗೆ ಗೋಡೆ ಡಾಕ್ಟರಿಗೆ ಕರೆ ಹೋಯಿತು.

ಭಾನುವಾರ ಬೆಳಿಗ್ಗೆ ಬಂದ. ಅಡುಗೆಮನೆ, ಹಿತ್ತಲು, ಬಚ್ಚಲು, ಮೂರು ಕಡೆಗೂ ಟ್ಯಾಂಕಿನಿಂದ ಬೇರೆ ಬೇರೆ ಪೈಪು. ಎಲ್ಲೂ ಒದ್ದೆ ಕಲೆ ಇಲ್ಲ, ಬಣ್ಣ ಉಬ್ಬಿಲ್ಲ. ಬಚ್ಚಲ ನೆಲಕ್ಕೆ ಸಲಾಕೆ ಊರಿ ಬಲಗಿವಿಗೆ ಇಟ್ಟುಕೊಂಡ. ಏನೂ ಇಲ್ಲ. ಅವನದೊಂದು ಕ್ರಮವಿತ್ತು: ಗೊತ್ತಿರುವ ಸದ್ದನ್ನು ಮೊದಲು ಕೇಳಿ, ಆಮೇಲೆ ಗೊತ್ತಿಲ್ಲದ ಸದ್ದು ಹುಡುಕುವುದು. ಅಡುಗೆಮನೆ ನಲ್ಲಿ ತೆರೆಯಲು ಸೊಸೆಗೆ ಹೇಳಿ, ಸಲಾಕೆಯನ್ನು ಆ ಗೋಡೆಗೆ ಊರಿ ಕಣ್ಣು ಮುಚ್ಚಿದ. ಏನೂ ಇಲ್ಲ. ತೆರೆದೆಯಾ ಎಂದು ಕೇಳಿದ. ತೆರೆದು ಆಗಲೇ ಎಷ್ಟು ಹೊತ್ತಾಯಿತು ಮಾವ, ಜೋರಾಗಿಯೇ ಬರುತ್ತಿದೆ ಎಂದಳು.

ಇಲ್ಲಿ ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಆ ಕ್ಷಣದಲ್ಲೇ ಅವನಿಗೆ ಗೊತ್ತಾಯಿತು. ಒಂದು ಮೊಳ ಆಚೆ ಧೋ ಎಂದು ಬೀಳುತ್ತಿರುವ ನೀರು ಕೇಳದ ಕಿವಿಗೆ ನೆಲದಡಿಯ ಸಣ್ಣ ಸೋರಿಕೆ ಕೇಳುವುದುಂಟೇ? ಗೊತ್ತಾದವನು ಮಾಳಿಗೆ ಹತ್ತಿ ಕೋಲು ಇಳಿಬಿಡಬಹುದಿತ್ತು. ಎರಡೇ ಗಂಟೆಯ ಕೆಲಸ. ಆದರೆ ಅಕ್ಕ, ಮಗ, ಸೊಸೆ, ಮಗು, ನಾಲ್ಕೂ ಜನ ಅವನ ಮುಖವನ್ನೇ ನೋಡುತ್ತ ನಿಂತಿದ್ದರು. ಯಾಕೆ ಮಾವ, ಸಲಾಕೆ ಏನೂ ಹೇಳಲಿಲ್ಲವೇ ಎಂದು ಯಾರಾದರೂ ಕೇಳಿಬಿಟ್ಟರೆ? ಅವನು ಸಲಾಕೆಯನ್ನು ಒರೆಸಿ ಚೀಲಕ್ಕೆ ಹಾಕಿದ. ಎಲ್ಲ ಸರಿಯಾಗಿದೆ ಎಂದ.

ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ಕೈ ಒರೆಸಿಕೊಳ್ಳಲು ಟವೆಲ್ಲು ಹಿಡಿದು ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಹುಟ್ಟಿದಾಗಿನಿಂದ ಅವಳನ್ನು ರೇಗಿಸಿಯೇ ಅಭ್ಯಾಸ. ಒಳಗಿನ ಅಳುಕನ್ನು ನಗೆಯಲ್ಲಿ ಮುಚ್ಚಿಕೊಳ್ಳುವ ಆತುರ ಬೇರೆ.

“ಪೈಪಿಗೆ ವಯಸ್ಸಾಗಿಲ್ಲ,” ಎಂದ. “ಈ ಮನೇಲಿ ಯಾರಿಗೆ ವಯಸ್ಸಾಗಿದೆಯೋ ನೋಡ್ಕೊಳ್ಳಿ.”

ಎಲ್ಲರೂ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವಳು ಅಕ್ಕ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಮುತ್ತು ಒಡೆದರೆ ಚೂರಾದರೂ ಕಣ್ಣಿಗೆ ಬೀಳುತ್ತದೆ. ಈ ಮಾತು ಬಿದ್ದ ಜಾಗದಲ್ಲೇ ಬೇರುಬಿಟ್ಟದ್ದು ಯಾರಿಗೂ ಕಾಣಲಿಲ್ಲ. ಟ್ಯಾಂಕು ಅರ್ಧವಾಗುವುದು ನಿಲ್ಲಲಿಲ್ಲ. ಪೈಪು ಸರಿಯಿದೆ ಎಂದು ಊರಿಗೇ ಹೆಸರಾದ ಕಿವಿ ಹೇಳಿಯಾಗಿದೆ. ಇನ್ನು ಉಳಿದದ್ದು ನಲ್ಲಿ ತಿರುಗಿಸುವ ಕೈ. ಮೊದಲು ಸಿಂಕಿನ ಮೇಲೆ ಒಂದು ಚೀಟಿ ಅಂಟಿತು, ‘ನಲ್ಲಿ ಮುಚ್ಚಿದಿರಾ?’ ಎಂದು. ಆಮೇಲೆ ಮಗ ಕೆಲಸಕ್ಕೆ ಹೊರಡುವಾಗ ಗ್ಯಾಸಿನ ರೆಗ್ಯುಲೇಟರ್ ಬಂದ್ ಮಾಡಿ ಹೋಗಲು ಶುರು ಮಾಡಿದ. ಕೋಪದಿಂದಲ್ಲ, ಕಾಳಜಿಯಿಂದ. ಕೋಪ ಮಾಡಿದ್ದರೆ ಅಕ್ಕ ಜಗಳವಾಡಿ ಗೆಲ್ಲುತ್ತಿದ್ದಳು. ಕಾಳಜಿಯ ಎದುರು ಜಗಳವಾಡುವುದು ಹೇಗೆ?

ಮೂರನೇ ತಿಂಗಳು ಅವಳನ್ನು ವೈದ್ಯರಿಗೆ ತೋರಿಸಿದರು. ಅವರು ವಾರ ಯಾವುದು, ತಿಂಗಳು ಯಾವುದು ಎಂದು ಕೇಳಿದರು. ಎಲ್ಲಕ್ಕೂ ಸರಿಯಾದ ಉತ್ತರ ಹೇಳಿದಳು. ನಲ್ಲಿಯ ವಿಷಯ ಕೇಳಿದ ಮೇಲೆ ವೈದ್ಯರು, ಹೀಗೇ ಶುರುವಾಗುವುದೂ ಉಂಟು, ಗಮನಿಸುತ್ತಿರಿ ಎಂದು ಮಾತ್ರೆ ಬರೆದುಕೊಟ್ಟರು. ಪಾಪ, ಅವರಾದರೂ ಏನು ಮಾಡಿಯಾರು? ಪೈಪು ಸರಿಯಿದೆ ಎಂದು ಅವರಿಗೂ ಹೇಳಿದ್ದರು.

ಈ ಸುದ್ದಿಗಳೆಲ್ಲ ಒಂದೊಂದಾಗಿ ಗೋಡೆ ಡಾಕ್ಟರನ ಮನೆಗೆ ಬರುತ್ತಿದ್ದವು. ಫೋನಿನಲ್ಲಿ ಅವನಿಗೆ ಸರಿಯಾಗಿ ಕೇಳಿಸದ್ದರಿಂದ ಹೆಂಡತಿ ಮಾತಾಡಿ, ಇಟ್ಟ ಮೇಲೆ ಅವನ ಎದುರು ಕೂತು ಜೋರಾಗಿ ಹೇಳುತ್ತಿದ್ದಳು. ಅವನು ಹ್ಞೂಂಗುಟ್ಟುತ್ತಿದ್ದ. ಅವನಿಗೆ ಅದು ಗಂಟಲಲ್ಲಿ ಸಿಕ್ಕಿದ ಬಿಸಿ ತುಪ್ಪ. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ನಾಳೆ ಹೋಗಿ ಇನ್ನೊಮ್ಮೆ ನೋಡುತ್ತೇನೆ ಎಂದುಕೊಳ್ಳುತ್ತಿದ್ದ. ನಾಳೆಗೆ ಏನು, ದಿನವೂ ಬರುತ್ತದೆ. ಹೋಗಿ ನೋಡಿ ಸೋರಿಕೆ ಸಿಕ್ಕರೆ, ಅವತ್ತು ಯಾಕೆ ಸಿಗಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ ಹೇಳಿದರೆ, ಎರಡು ವರ್ಷದಿಂದ ಅವನು ಸರಿಯಿದೆ ಎಂದ ಮನೆಗಳೆಲ್ಲ ಎದ್ದು ಕೂರುತ್ತವೆ. ಬೀದಿಯಲ್ಲಿ ಯಾರಾದರೂ ಸುಮ್ಮನೆ ತಡೆದು ನಿಲ್ಲಿಸಿದರೂ ಕೆಲಸದ ನೆಪ ಹೇಳಿ ಜಾರಿಕೊಳ್ಳುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಪಾಡು ಅದು.

ಎಂಟು ತಿಂಗಳು ಹೀಗೇ ಕಳೆಯಿತು. ಒಂದು ಬೆಳಿಗ್ಗೆ ಆ ಕಡೆ ಕೆಲಸವಿದ್ದದ್ದರಿಂದ ಅಕ್ಕನ ಮನೆಯ ಮುಂದೆ ಹಾದುಹೋದ. ಗೇಟಿನ ಹತ್ತಿರ ಮೊಮ್ಮಗಳು ಬೂಟು ಹಾಕಿಕೊಂಡು, ಚೀಲ ಏರಿಸಿಕೊಂಡು ನಿಂತಿದ್ದಳು. ಅಜ್ಜಿಯ ಕಡೆ ಕೈ ಚಾಚಿದ್ದಳು. ಅಜ್ಜಿ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅಮ್ಮ ಈಗ ಬರ್ತಾಳೆ, ಅಮ್ಮನ ಜೊತೆ ಹೋಗು ಎನ್ನುತ್ತಿದ್ದಳು. ಮಗು ಕೈ ಇಳಿಸಲಿಲ್ಲ. ಸೊಸೆ ಓಡಿಬಂದು ಅದನ್ನು ಹಿಡಿದುಕೊಂಡು ಹೊರಟಳು. ಅಂಗಡಿಯಲ್ಲಿ ಕೇಳಿಕೊಂಡು ಒಂದು ಗಂಟೆ ತಡವಾಗಿ ಹೋಗುವ ಏರ್ಪಾಡು ಮಾಡಿಕೊಂಡಿದ್ದಳಂತೆ. ಬಲವಂತ ಮಾಡಿದವರು ಯಾರೂ ಇಲ್ಲ, ಅಕ್ಕ ತಾನೇ ಬೇಡವೆಂದದ್ದು.

ಯಾಕಕ್ಕ ಎಂದು ಕೇಳಿದ. ಅವಳು ಅವನ ಎದುರಿಗೆ ತಿರುಗಿ ನಿಧಾನವಾಗಿ ಹೇಳಿದಳು.

“ನಲ್ಲಿ ಮುಚ್ಚಿದೀನಾ ಇಲ್ವಾ ಅನ್ನೋದೇ ಗೊತ್ತಾಗದೋಳು, ಮಗು ಕೈ ಹಿಡಿದಿದೀನಾ ಇಲ್ವಾ ಅಂತ ಹೇಗೆ ನಂಬ್ಲಿ ಪುಟ್ಟ? ನಡುವೆ ದೊಡ್ಡ ರಸ್ತೆ ಇದೆ.”

ಅವತ್ತು ಅವನು ಒಪ್ಪಿಕೊಂಡಿದ್ದ ಕೆಲಸಕ್ಕೆ ಹೋಗಲಿಲ್ಲ. ಮನೆಗೆ ಬಂದು ಜಗಲಿಯಲ್ಲಿ ಕೂತ. ತಾನು ಎಂತಹವನು ಎಂದು ಅವನಿಗೇ ಅಸಹ್ಯವಾಯಿತು. ಆದರೆ ಅಸಹ್ಯಪಟ್ಟುಕೊಂಡ ಮಾತ್ರಕ್ಕೆ ಮನುಷ್ಯ ಧೈರ್ಯವಂತನಾಗುವುದಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಒಂದು ದಾರಿಯನ್ನು ಅವನು ಸಂಜೆಯೊಳಗೆ ಹುಡುಕಿಕೊಂಡ.

ಮುಂದಿನ ಭಾನುವಾರ ಅಕ್ಕನ ಮನೆಗೆ ಹೋದ. ವರ್ಷವಾಗುತ್ತ ಬಂತು, ಹಳೆ ಪೈಪು, ಇನ್ನೊಮ್ಮೆ ನೋಡುವುದು ಒಳ್ಳೆಯದು ಎಂದ. ಸಲಾಕೆ ಹೊರಗೆ ತೆಗೆಯಲಿಲ್ಲ. ಮಾಳಿಗೆ ಹತ್ತಿ, ಮೂರೂ ಪೈಪಿನ ವಾಲ್ವು ಮುಚ್ಚಿ, ಟ್ಯಾಂಕಿಗೆ ಕೋಲು ಇಳಿಬಿಟ್ಟು ಒದ್ದೆಯ ಅಂಚಿಗೆ ಗುರುತು ಹಾಕಿದ. ಮನೆಯವರಿಗೆ ನೀರು ಮುಟ್ಟಬೇಡಿ ಎಂದು ಹೇಳಿ, ಒಂದೊಂದು ವಾಲ್ವನ್ನೂ ಸರದಿಯ ಮೇಲೆ ತೆರೆದು, ಪ್ರತಿ ಸಲ ಎರಡು ಗಂಟೆ ಕಾದ. ಬಿಸಿಲಿನಲ್ಲಿ ತಲೆಗೆ ಟವೆಲ್ಲು ಸುತ್ತಿಕೊಂಡು ಕೂತ. ಅಡುಗೆಮನೆ ಪೈಪಿನಲ್ಲಿ ನೀರು ಇಳಿಯಲಿಲ್ಲ. ಹಿತ್ತಲಿನದರಲ್ಲೂ ಇಳಿಯಲಿಲ್ಲ. ಬಚ್ಚಲ ಪೈಪು ತೆರೆದಾಗ ನಾಲ್ಕು ಬೆರಳು ಇಳಿಯಿತು. ಕಿವುಡರ ತಪಾಸಣೆಗೆ ಕಿವಿಯೇ ಬೇಕಾಗಿರಲಿಲ್ಲ.

ಬಚ್ಚಲ ಮೂಲೆಯಲ್ಲಿ ನಾಲ್ಕು ಟೈಲ್ಸ್ ಎಬ್ಬಿಸಿ ಅಗೆದ. ಪೈಪು ತಿರುಗುವ ಕಡೆ ಹಾಕಿದ್ದ ಎಲ್ಬೋ ಸೀಳಿತ್ತು. ನೀರು ಮೇಲೆ ಬರದೆ, ಮನೆ ಕಟ್ಟಿದಾಗಿನ ಹಳೆ ಇಂಗುಗುಂಡಿಯ ಕಡೆ ದಾರಿ ಮಾಡಿಕೊಂಡು ಕದ್ದು ಹೋಗುತ್ತಿತ್ತು. ಅದಕ್ಕೇ ಎಲ್ಲೂ ಒದ್ದೆಯಾಗಿರಲಿಲ್ಲ. ಅವನು ಒಳಗೆ ಕೈ ಇಟ್ಟ. ಮೊಣಕೈವರೆಗೆ ಇಳಿಯಿತು. ಅಷ್ಟು ಮಣ್ಣು ಕೊಚ್ಚಿಹೋಗಬೇಕಾದರೆ ವರ್ಷಕ್ಕಿಂತ ಹೆಚ್ಚೇ ಬೇಕು. ಸೀಳಿನ ಅಂಚಿನಲ್ಲಿ ದಪ್ಪಗೆ ತುಕ್ಕು ಕಟ್ಟಿತ್ತು. ಕೊಳಾಯಿ ಕೆಲಸ ಬಲ್ಲ ಯಾರು ನೋಡಿದರೂ ಹೇಳುವ ಮಾತು ಅದು. ಅವನು ಆ ಎಲ್ಬೋವನ್ನು ಬಿಚ್ಚಿ, ಯಾರೂ ನೋಡುವ ಮೊದಲು ಚೀಲಕ್ಕೆ ಹಾಕಿಕೊಂಡ. ಹೊಸದನ್ನು ಕೂರಿಸಿ, ಪೊಳ್ಳು ತುಂಬಿಸಿ, ಸಿಮೆಂಟು ಮೆತ್ತಿದ. ಆಮೇಲೆ ಹೊರಗೆ ಬಂದು, ಈಚೆಗೆ ಒಡೆದಿದೆ, ಒಂದು ವಾರ ಆಗಿರಬಹುದು ಎಂದ.

ಮಗ ನಿಟ್ಟುಸಿರುಬಿಟ್ಟ. ಸದ್ಯ ಬೇಗ ಸಿಕ್ಕಿತು, ನೀವು ಇದ್ದದ್ದಕ್ಕೆ ಆಯಿತು ಮಾವ ಎಂದ. ಅಕ್ಕ ಮಾತ್ರ ಬೆರಳು ಮಡಿಚಿ ಏನೋ ಎಣಿಸಿಕೊಂಡಳು. ಹಾಗಾದರೆ ಈ ವಾರದ್ದು ನನ್ನದಲ್ಲ, ಮೊದಲಿನವು ನನ್ನವು ಎಂದಳು. ಕಡತವನ್ನು ಅದರ ಸಾಲಿನಲ್ಲಿ ಇಡುವವಳ ಧ್ವನಿ, ಅಳುವಿಲ್ಲ, ದೂರಿಲ್ಲ. ಆ ಮಾತಿಗೆ ಯಾರೂ ಇಲ್ಲವೆನ್ನಲಿಲ್ಲ. ಇಲ್ಲವೆನ್ನಬೇಕಾದವನು ಕೈಗೆ ಹತ್ತಿದ ಸಿಮೆಂಟು ತೊಳೆಯುತ್ತಿದ್ದ.

ಆಮೇಲೆ ಟ್ಯಾಂಕು ದಿನವೂ ತುಂಬಿಯೇ ಇತ್ತು. ಮಾತ್ರೆ ಕೂಡ ಸ್ವಲ್ಪ ಹಿಡಿದಿದೆ ಅನ್ನಿಸುತ್ತೆ ಅತ್ತೆ ಎಂದು ಅಕ್ಕನ ಮಗ ಫೋನಿನಲ್ಲಿ ಹೇಳಿದ್ದನ್ನು ಹೆಂಡತಿ ಬಂದು ತಿಳಿಸಿದಾಗ ಗೋಡೆ ಡಾಕ್ಟರನಿಗೆ ತಟ್ಟೆಯ ಮುಂದೆ ಕೂರಲಾಗಲಿಲ್ಲ. ಅವಳಿಗೆ ಎಲ್ಲವನ್ನೂ ಹೇಳಿಬಿಟ್ಟ. ಕಿವಿಯದ್ದು, ತೆರೆದ ನಲ್ಲಿಯದ್ದು, ನಗೆಮಾತಿನದ್ದು, ಚೀಲದಲ್ಲಿದ್ದ ಎಲ್ಬೋವಿನದ್ದು. ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

“ನನ್ನ ಹತ್ರ ಹೇಳಿ ಏನು ಬಂತು?” ಎಂದಳು. “ಕೇಳಬೇಕಾದೋರು ಅಲ್ಲಿದಾರೆ.”

ಮಾರನೆಯ ದಿನ ಅವನು ಮೊದಲು ಕಿವಿಯ ಆಸ್ಪತ್ರೆಗೆ ಹೋದ. ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಕೈ ಎತ್ತಿ ಎಂದರು. ಅವನು ಬಹಳ ಹೊತ್ತು ಕೈ ಎತ್ತದೆ ಕೂತಿದ್ದ. ಕೊಟ್ಟ ಕಾಗದದಲ್ಲಿ ಎರಡು ಗೆರೆಗಳು ಎಡದಿಂದ ಬಲಕ್ಕೆ ಇಳಿದಿದ್ದವು. ಎಷ್ಟು ವರ್ಷದಿಂದ ಹೀಗಿದೆ ಎಂದು ಅಲ್ಲಿಯವರು ಕೇಳಿದರು. ಎರಡು ವರ್ಷ ಎಂದು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಕಾಗದವನ್ನೂ ಎಲ್ಬೋವನ್ನೂ ಇಟ್ಟುಕೊಂಡು ಸಂಜೆ ಅಕ್ಕನ ಮನೆಗೆ ಹೋದ.

ಅಕ್ಕ ಊಟದ ಮೇಜಿನ ಮುಂದೆ ಕನ್ನಡಕ ಹಾಕಿಕೊಂಡು ಏನೋ ಬರೆಯುತ್ತಿದ್ದಳು. ಉದ್ದನೆಯ ರಿಜಿಸ್ಟರು, ಗೆರೆ ಎಳೆದು ಮನೆ ಮಾಡಿದ್ದು. ಏನದು ಎಂದು ಕೇಳಿದ. ಅವಳು ಸಂಕೋಚವಿಲ್ಲದೆ ಅವನ ಕಡೆ ತಿರುಗಿಸಿದಳು. ತಾರೀಕು, ಗಂಟೆ, ಯಾವ ನಲ್ಲಿ, ತೆರೆದದ್ದು, ಮುಚ್ಚಿದ್ದು, ಕೊನೆಯಲ್ಲಿ ಅವಳ ಸಹಿ. ‘ಬೆಳಿಗ್ಗೆ ಐದು ನಲವತ್ತು. ಬಚ್ಚಲು. ಮುಚ್ಚಿದೆ. ಎರಡು ಸಲ ನೋಡಿದೆ.’ ಹೀಗೆ ಪುಟ ಪುಟ. ಎಂಟು ತಿಂಗಳಿನದು. ದಾಖಲೆ ಕೋಣೆಯ ಕೈಬರಹ, ಒಂದು ಚಿತ್ತೂ ಇಲ್ಲ.

ಆದರೆ ಅಲ್ಲಲ್ಲಿ, ಸಾಲಿನ ಕೆಳಗೆ, ಕೆಂಪು ಶಾಯಿ ಇತ್ತು. ‘ಮೇಲಿನದು ತಪ್ಪು. ಟ್ಯಾಂಕು ಅರ್ಧ ಖಾಲಿ. ಮುಚ್ಚಿಲ್ಲ.’ ಅದಕ್ಕೂ ಸಹಿ. ಮುಂದಿನ ಪುಟದಲ್ಲೂ ಅದೇ. ಅದರ ಮುಂದಿನದರಲ್ಲೂ.

ಅವನಿಗೆ ಓದಲಾಗಲಿಲ್ಲ. ಎರಡು ಸಲ ನೋಡಿದೆ ಎಂದು ಬರೆದವಳು ಯಾಕೆ ತಿದ್ದಬೇಕಿತ್ತು ಎಂದು ಕೇಳಿದ. ಪೈಪು ಸರಿ ಇದೆ ಅಂತ ನೀನೇ ಹೇಳಿದ್ದೆಯಲ್ಲ, ಇನ್ನೇನು ಬರೆಯಲಿ ಎಂದಳು. ಮೂವತ್ತೆರಡು ವರ್ಷದಲ್ಲಿ ಒಂದು ಕಡತವನ್ನೂ ತಿದ್ದದ ಹೆಂಗಸು, ತನ್ನ ಕಣ್ಣಿನಿಂದ ಎರಡೆರಡು ಸಲ ಕಂಡ ನಿಜವನ್ನು ಅವನ ಒಂದು ಮಾತಿಗಾಗಿ ಸುಳ್ಳೆಂದು ಬರೆದು ಸಹಿ ಹಾಕಿದ್ದಳು.

ಅವನು ಎಲ್ಬೋವನ್ನು ಮೇಜಿನ ಮೇಲಿಟ್ಟ. ಕಾಗದವನ್ನು ಪಕ್ಕದಲ್ಲಿ ಬಿಡಿಸಿಟ್ಟ. ಮಗನನ್ನೂ ಸೊಸೆಯನ್ನೂ ಕರೆದು, ನಿಂತುಕೊಂಡೇ ಹೇಳಿದ.

“ಇದು ವಾರದ್ದಲ್ಲ, ವರ್ಷಕ್ಕಿಂತ ಹಳೇದು. ಅವತ್ತು ನಂಗೆ ಏನೂ ಕೇಳಿಸಲಿಲ್ಲ. ಅಡುಗೆಮನೆ ನಲ್ಲೀನೂ ಕೇಳಿಸಲಿಲ್ಲ. ಕಿವಿ ಹೋಗಿದೆ ಅಂತ ಹೇಳೋಕೆ ಮಾನ ಅಡ್ಡ ಬಂತು. ಮೊನ್ನೇನೂ ಸುಳ್ಳು ಹೇಳ್ದೆ. ಅಕ್ಕ ಒಂದು ದಿನಾನೂ ನಲ್ಲಿ ಬಿಟ್ಟಿಲ್ಲ. ತಪ್ಪು ನಂದು.”

ಮಗ ಕುರ್ಚಿ ಎಳೆದು ಕೂತ. ತಾಯಿಯ ಮುಖ ನೋಡಲಾಗದೆ ಎಲ್ಬೋವನ್ನೇ ನೋಡಿದ. ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಸಿಂಕಿನ ಮೇಲಿನ ಚೀಟಿಯನ್ನು ಹೋಗಿ ಕಿತ್ತಳು. ಗೋಡೆ ಡಾಕ್ಟರನಿಗೆ ಎಂಟು ತಿಂಗಳಲ್ಲಿ ಮೊದಲ ಸಲ ಉಸಿರು ಸರಾಗವಾಯಿತು. ನಾಳೆಯಿಂದ ನೀನೇ ಮಗುವನ್ನು ಕರೆದುಕೊಂಡು ಹೋಗು ಅಕ್ಕ ಎಂದು ಹೇಳಲು ಬಾಯಿ ತೆರೆದ.

ಅಕ್ಕ ಕಿವಿಯ ಕಾಗದವನ್ನು ಎತ್ತಿಕೊಂಡು, ಅಭ್ಯಾಸದಂತೆ ಮೊದಲು ತಾರೀಕು ನೋಡಿದಳು. ಇದು ಇವತ್ತಿನದು ಎಂದಳು. ಇವತ್ತಿನ ಕಾಗದ ಎಂಟು ತಿಂಗಳ ಹಿಂದಿನದಕ್ಕೆ ಸಾಕ್ಷಿಯಾಗುವುದಿಲ್ಲವಂತೆ. ಎಲ್ಬೋವನ್ನು ಮುಟ್ಟಲೂ ಇಲ್ಲ. ಯಾವ ಮನೆಯ ಪೈಪಿನದೋ, ಇವನ ಚೀಲದಲ್ಲಿ ಇಂಥವು ಎಷ್ಟು ಬೇಕಾದರೂ ಇರುತ್ತವಂತೆ. ದಾಖಲೆ ಕೋಣೆಯಲ್ಲಿ ಒಂದು ನಿಯಮವಿತ್ತು. ಮೊದಲು ಬರೆದದ್ದೇ ನಿಲ್ಲುತ್ತದೆ. ಆಮೇಲೆ ಸಂಬಂಧಿಕರು ಬಂದು, ಅದು ಹಾಗಲ್ಲ, ಹೀಗೆ ಎಂದು ಕಣ್ಣೀರು ಹಾಕಿ ತಿದ್ದಿಸಲು ನೋಡುತ್ತಾರೆ, ತಿದ್ದಕೂಡದು. ಇವಳು ಎಷ್ಟೋ ಜನರನ್ನು ಹಾಗೆ ಸಮಾಧಾನ ಮಾಡಿ ಕಳಿಸಿದ್ದಳು. ತಮ್ಮನನ್ನೂ ಈಗ ಹಾಗೆಯೇ ನೋಡಿದಳು. ಮೊದಲು ಸರಿ ಇದೆ ಎಂದೆ, ಮೊನ್ನೆ ಹೊಸದು ಎಂದೆ, ಇವತ್ತು ಹಳೆಯದು ಎನ್ನುತ್ತೀ, ನನಗೋಸ್ಕರ ಇನ್ನೆಷ್ಟು ಸುಳ್ಳು ಹೇಳುತ್ತೀಯ ಎಂದು ಅವನ ಕೈ ಸವರಿದಳು.

ಸುಳ್ಳಲ್ಲ ಅಕ್ಕ ಎಂದು ಅವನು ಮತ್ತೆ ಮತ್ತೆ ಹೇಳಿದ. ಮಗನೂ ಹೇಳಿದ. ಅವಳು ತಲೆಯಾಡಿಸಿ, ರಿಜಿಸ್ಟರು ಮುಚ್ಚುತ್ತ ಏನೋ ಹೇಳಿದಳು. ತಲೆ ಬಗ್ಗಿಸಿ ಹೇಳಿದ್ದರಿಂದ ಅವನಿಗೆ ಕೇಳಿಸಲಿಲ್ಲ. ಏನಂದೆ ಎಂದು ಕೇಳಿದ. ಅವಳು ಎದ್ದು ಬಂದು ಅವನ ಬಲಗಡೆ ನಿಂತು, ಚಿಕ್ಕಂದಿನಲ್ಲಿ ಮಗ್ಗಿ ಹೇಳಿಕೊಟ್ಟ ಹಾಗೆ, ಮನೆಗೆಲ್ಲ ಕೇಳುವಂತೆ, ಬಿಡಿಸಿ ಬಿಡಿಸಿ ಹೇಳಿದಳು.

“ನಂಗೆ ನೆನಪಿದೆ ಪುಟ್ಟ. ಬಚ್ಚಲ ನಲ್ಲಿ ತಿರುಗಿಸಿ, ನೀರು ಬೀಳ್ತಿರೋದನ್ನ ನೋಡಿ, ಹಾಗೇ ಬಿಟ್ಟು ಬಂದು ಮಲಗಿದ್ದು. ಒಂದು ದಿನ ಅಲ್ಲ, ಎಷ್ಟೋ ದಿನ. ಮೊದಮೊದಲು ನೆನಪಿರಲಿಲ್ಲ. ಈಗ ಎಲ್ಲಾ ನೆನಪಾಗಿದೆ.”

ಹೇಳಿ, ಅವನು ಕುಡಿದಿಟ್ಟ ಲೋಟವನ್ನು ತೆಗೆದುಕೊಂಡು ಅಡುಗೆಮನೆಗೆ ಹೋದಳು. ಸಿಂಕಿನ ಮುಂದೆ ನಿಂತು ಸೊಸೆಯನ್ನು ಕರೆದಳು. ಅವಳು ಕಣ್ಣೊರೆಸಿಕೊಂಡು ಬಂದು ಪಕ್ಕದಲ್ಲಿ ನಿಲ್ಲುವವರೆಗೂ ಕಾದು, ನೋಡ್ತಾ ಇರು ಎಂದು ಹೇಳಿ, ಆಮೇಲೆ ನಲ್ಲಿ ತಿರುಗಿಸಿದಳು.